ಟವೆಲ್ ಹಾಕಿದ ಮೇಲೆ ರಾಜಕೀಯ ಇಲ್ಲ

ಟಿವಿ ಚಾನೆಲ್ಲಿನ ಮೇಕಪ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಪೌಡರಕ್ಕ ಎಂದು. ಕೋಣೆ ಚಿಕ್ಕದು. ಕನ್ನಡಿಯ ಸುತ್ತ ಬಲ್ಬುಗಳು, ಎತ್ತರಿಸಿ ಇಳಿಸುವ ಎರಡು ಕುರ್ಚಿ, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಬಿಳಿ ಟವೆಲ್‌ಗಳು. ಅಲ್ಲಿ ನಡೆಯುತ್ತಿದ್ದುದು ಅವಳದೇ ಕಾನೂನು: ಕುತ್ತಿಗೆಗೆ ಟವೆಲ್ ಹಾಕಿದ ಮೇಲೆ, ತೆಗೆಯುವವರೆಗೆ, ಯಾರೂ ರಾಜಕೀಯ ಮಾತಾಡಬಾರದು. ಇದರ ಹಿಂದೆ ದೊಡ್ಡ ತತ್ವವೇನೂ ಇರಲಿಲ್ಲ. ರಾಜಕೀಯ ಮಾತಾಡುವಾಗ ಮನುಷ್ಯನ ದವಡೆ ಬಿಗಿಯುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಹಚ್ಚಿದ ಬಣ್ಣ ಗೆರೆಗೆರೆಯಾಗಿ ಒಡೆಯುತ್ತದೆ. ಮಂಡಿನೋವು, ಮಗಳ ಪರೀಕ್ಷೆ, ಬಾರದ ನಿದ್ದೆ, ಇಂಥ ಮಾತುಗಳಿಗೆ ಮುಖ ಸಡಿಲವಾಗಿಯೇ ಇರುತ್ತದೆ.

ಇದಕ್ಕೂ ಮೊದಲು ಅವಳು ಒಂದು ಫೋಟೋ ಸ್ಟುಡಿಯೋದಲ್ಲಿದ್ದಳು. ಅರ್ಜಿಗೆ ಅಂಟಿಸುವ ಫೋಟೋ ತೆಗೆಸಿಕೊಳ್ಳಲು ಬಂದವರ ಮೂಗಿನ ಹೊಳಪಿಗೆ ಪೌಡರ್ ಒತ್ತುವುದು, ಕಾಲರ್ ಸರಿಮಾಡುವುದು, "ಸ್ವಲ್ಪ ಉಸಿರು ಬಿಡಿ" ಎನ್ನುವುದು ಅವಳ ಕೆಲಸವಾಗಿತ್ತು. ಚಾನೆಲ್ಲಿಗೆ ಬಂದ ಹೊಸತರಲ್ಲಿ ದೇಶದ ಮಾಜಿ ಅಧ್ಯಕ್ಷರು ಒಂದು ಸಂದರ್ಶನಕ್ಕೆಂದು ಬಂದು ಅವಳ ಕುರ್ಚಿಯಲ್ಲಿ ಕೂತಿದ್ದರು. ಅವರು ಅಧಿಕಾರ ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. "ಬಣ್ಣ ಬೇಡಮ್ಮ, ಬೆವರು ಒರೆಸಿದ್ರೆ ಸಾಕು" ಎಂದರು. ಏಳುವಾಗ ಟವೆಲನ್ನು ತಾವೇ ಮಡಿಚಿ ಕುರ್ಚಿಯ ಕೈಮೇಲಿಟ್ಟು ಹೋದರು. ಅವರ ಬಗ್ಗೆ ಅವಳಿಗೆ ಸ್ವಂತವಾಗಿ ಗೊತ್ತಿದ್ದುದು ಇಷ್ಟೇ.

ಅವರು ತೀರಿಕೊಂಡು ವರ್ಷಗಳೇ ಕಳೆದವು. ಆದರೆ ಸಂಜೆಯ ಚರ್ಚೆಯಲ್ಲಿ ಬದುಕಿರುವ ಮಂತ್ರಿಗಳಿಗಿಂತ ಅವರ ಹಾಜರಿಯೇ ಹೆಚ್ಚು. ಈರುಳ್ಳಿಯ ಬೆಲೆ ಏರಲಿ, ಸೇತುವೆ ಕುಸಿಯಲಿ, ಫುಟ್‌ಬಾಲ್ ತಂಡ ಸೋತು ಬರಲಿ, ಮೊದಲ ಜಾಹೀರಾತಿನೊಳಗೆ ಒಬ್ಬರು "ಅವರಿದ್ದಿದ್ದರೆ ಹೀಗಾಗ್ತಿರಲಿಲ್ಲ" ಎನ್ನುವರು, ಇನ್ನೊಬ್ಬರು "ಹೀಗಾಗಿದ್ದೇ ಅವರಿಂದ" ಎನ್ನುವರು. ಮೊದಲನೆಯವರು ನಿವೃತ್ತ ಪ್ರೊಫೆಸರು, ಎರಡನೆಯವರು ಹಳೆಯ ಪತ್ರಕರ್ತರು. ಮೇಕಪ್ ಕೋಣೆಯಲ್ಲಿ ಅವರಿಗೆ ಹೊಗಳಪ್ಪ, ತೆಗಳಪ್ಪ ಎಂದು ಹೆಸರು; ಅದು ಅವರಿಗೂ ಗೊತ್ತಿತ್ತು. ಕ್ಯಾಮೆರಾ ಮುಂದೆ ಮೇಜು ಗುದ್ದಿ ಕೂಗಾಡಿದ ಇಬ್ಬರೂ ಕಾರ್ಯಕ್ರಮ ಮುಗಿದ ಮೇಲೆ ಒಂದೇ ಕಾರು ಹತ್ತಿ ಮನೆಗೆ ಹೋಗುತ್ತಿದ್ದರು.

"ಮಂಡಿ ಹೇಗಿದೆ?" ಎಂದು ಹೊಗಳಪ್ಪ ಕೇಳುವರು.

"ನಿಮ್ಮ ಅಧ್ಯಕ್ಷರು ಹಾಕಿಸಿದ ರಸ್ತೆ ಇದ್ದಹಾಗಿದೆ" ಎನ್ನುವರು ತೆಗಳಪ್ಪ.

"ಸಾರ್, ಟವೆಲ್" ಎಂದು ಪೌಡರಕ್ಕ ಎಚ್ಚರಿಸುವಳು. ಇಬ್ಬರೂ ಬೈಸಿಕೊಂಡ ಹುಡುಗರಂತೆ ಬಾಯಿ ಮುಚ್ಚುವರು.

ಅವಳ ಮನೆಯಲ್ಲಿ ಮಾತ್ರ ಇಂಥ ಟವೆಲ್ ಇರಲಿಲ್ಲ.

ಅವಳ ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಅಧ್ಯಕ್ಷರ ಕಾಲದಲ್ಲಿ ಅವರ ಕೆಲಸ ಕಾಯಂ ಆಗಿತ್ತು. ಬೆಟ್ಟದ ಆಚೆಗಿನ ಕತ್ತಲ ಊರುಗಳಿಗೆ ತಂತಿ ಎಳೆದವರಲ್ಲಿ ಅವರೂ ಒಬ್ಬರು. ಮೊದಲ ಸಲ ಬಲ್ಬು ಹತ್ತಿದಾಗ ಒಬ್ಬ ಮುದುಕಿ ಅದನ್ನು ಊದಿ ಆರಿಸಲು ನೋಡಿದ್ದನ್ನು ಅವರು ಹೇಳುವಾಗಲೆಲ್ಲ ತಾವೂ ಒಮ್ಮೆ ಊದಿ ತೋರಿಸುತ್ತಿದ್ದರು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅದೇ ಅಧ್ಯಕ್ಷರ ಕಾಲದಲ್ಲಿ ಅವನ ಅಪ್ಪ ಕೆಲಸ ಮಾಡುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿತ್ತು. ಆ ಮನುಷ್ಯ ಅಲ್ಲಿಂದ ಮುಂದೆ ಯಾವ ಕೆಲಸದಲ್ಲೂ ನೆಲೆನಿಲ್ಲಲಿಲ್ಲ; ಮಿಲ್ಲಿನ ಸೈರನ್ ಕೂಗುತ್ತಿದ್ದ ಹೊತ್ತಿಗೆ ದಿನವೂ ಎದ್ದು, ಷರ್ಟು ಹಾಕಿಕೊಂಡು, ಜಗುಲಿಯಲ್ಲಿ ಕೂತಿರುತ್ತಿದ್ದ. ಇದನ್ನು ಗಂಡ ಅವಳಿಗೆ ಒಮ್ಮೆ ಮಾತ್ರ ಹೇಳಿದ್ದ.

ಮಾವ ಅಳಿಯ ಇಬ್ಬರೂ ಒಳ್ಳೆಯವರೇ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಇವರ ಮನೆಯ ಮಹಡಿಯ ಕೋಣೆಗೆ ಬಂದಾಗ, ಅವರ ಮಂಚವನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದವನು ಅಳಿಯನೇ. ಊಟದ ಹೊತ್ತಿಗೆ ಚರ್ಚೆ ಹಾಕಿಕೊಂಡು ಕೂರುವ ಚಟ ಇಬ್ಬರಿಗೂ ಅಂಟಿದ್ದೇ ತಪ್ಪಾಯಿತು. ಒಂದು ದಿನ ಮಾತಿಗೆ ಮಾತು ಬೆಳೆಯಿತು. "ಕೆಲಸ ಮಾಡೋ ಮನಸ್ಸಿದ್ದವರಿಗೆ ಮಿಲ್ಲೇ ಬೇಕಾ?" ಎಂದು ಅಪ್ಪ ಅಂದುಬಿಟ್ಟರು. "ಅಧ್ಯಕ್ಷರ ಋಣ ತಿಂದವರು ಇನ್ನೇನು ಹೇಳ್ತಾರೆ" ಎಂದು ಗಂಡ ಅಂದುಬಿಟ್ಟ. ಅಪ್ಪ ಅರ್ಧ ಊಟಕ್ಕೇ ಎದ್ದು ಕೈತೊಳೆದು ಮೇಲೆ ಹೋದರು. ಅಂದಿನಿಂದ ಅವರ ತಟ್ಟೆಯನ್ನು ಅವಳೇ ಮಹಡಿಗೆ ಒಯ್ಯುವಂತಾಯಿತು. ಮೇಲೊಂದು ಟಿವಿ, ಕೆಳಗೊಂದು ಟಿವಿ. ಚಾನೆಲ್ ಮಾತ್ರ ಒಂದೇ.

ಅಲ್ಲಿಗೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು, ಎಡಗಣ್ಣು ಮೊದಲೇ ಮಂದ. ಚಹಾವನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದರು. ಒಮ್ಮೆ ಮೆಟ್ಟಿಲಲ್ಲಿ ಕಾಲು ತಪ್ಪಿ, ಕಂಬ ಹತ್ತಿದ ಅಭ್ಯಾಸಕ್ಕೆ ಕಂಬಿ ಗಟ್ಟಿಯಾಗಿ ಹಿಡಿದದ್ದರಿಂದ ಬಚಾವಾದರು. ಇನ್ನು ತಡಮಾಡಿದರೆ ಕಷ್ಟ ಎಂದು ಹೇಳಿ ಡಾಕ್ಟರು ಒಮ್ಮೆ ಮುಂದೂಡಿದ್ದ ಆಪರೇಷನ್ನಿಗೆ ಹೊಸ ದಿನ ಗೊತ್ತುಮಾಡಿದರು. ಜೊತೆಗೆ ಮನೆಯವರೊಬ್ಬರು ಇರಲೇಬೇಕು ಎಂದರು. ಆ ದಿನವೇ ಅಧ್ಯಕ್ಷರ ಪುಣ್ಯತಿಥಿ. ಚಾನೆಲ್ಲಿನಲ್ಲಿ ಬೆಳಗಿನಿಂದ ವಿಶೇಷ ಕಾರ್ಯಕ್ರಮ, ಸಾಲುಸಾಲು ಅತಿಥಿಗಳು, ಮೇಕಪ್ಪಿಗೆ ಇವಳೊಬ್ಬಳೇ. ರಜೆ ಕೇಳಿದ್ದಕ್ಕೆ ಮ್ಯಾನೇಜರು ಕೈಮುಗಿದುಬಿಟ್ಟ. ಉಳಿದವನು ಗಂಡ. ಅವನು ಯಾರೂ ಕೇಳದೆಯೇ ರಜೆ ಹಾಕಿಟ್ಟಿದ್ದ.

"ಅಪ್ಪ, ಅವರ ಜೊತೆ ಹೋಗಿ ಬನ್ನಿ" ಎಂದಳು.

"ಅವನ ಕೈ ಹಿಡ್ಕೊಂಡು ಹೋಗೋದಕ್ಕಿಂತ ಕುರುಡನಾಗೇ ಇರ್ತೀನಿ."

"ಕುರುಡಾದ್ರೆ ಟಿವಿ ನೋಡೋದು ಹೇಗೆ?"

"ಕೇಳಿಸ್ಕೋತೀನಿ. ಅವರ ಮುಖದಲ್ಲಿ ನೋಡೋದೇನಿದೆ? ನೀನು ಬಳಿದ ಬಣ್ಣ ತಾನೇ!"

ಒಮ್ಮೆ ಮುಂದೂಡಿದ ದಿನ ಇದು. ಇನ್ನೊಮ್ಮೆ ಮುಂದೂಡಿದರೆ ಅಪ್ಪನ ಕಣ್ಣು ಹೋದೀತು ಎಂಬ ಭಯ ಅವಳನ್ನು ಬಿಡಲಿಲ್ಲ. ಕೋಣೆಯಲ್ಲಿ ಸಾಲಾಗಿ ಮುಖಗಳಿಗೆ ಪೌಡರ್ ಒತ್ತುವಾಗಲೂ ಅವಳು ನೋಡುತ್ತಿದ್ದುದು ಕಣ್ಣುಗಳನ್ನೇ. ಎಲ್ಲರ ಕಣ್ಣೂ ಎಷ್ಟು ತಿಳಿಯಾಗಿವೆ ಅನ್ನಿಸುತ್ತಿತ್ತು.

ಆಸ್ಪತ್ರೆಯ ದಿನ ಹತ್ತಿರವಾದಾಗ, ಒಂದು ಸಂಜೆ, ಅವಳು ಎಂದಿನಂತೆ ಪೌಡರ್ ಪಫ್ ಹಿಡಿದು ಕ್ಯಾಮೆರಾಗಳ ಹಿಂದೆ ನಿಂತಿದ್ದಳು. ಚರ್ಚೆಯ ಕೊನೆಯ ಭಾಗಕ್ಕೆ ‘ಮುಖಾಮುಖಿ’ ಎಂದು ಹೆಸರು. ಅಧ್ಯಕ್ಷರನ್ನು ಮೆಚ್ಚುವ ಒಬ್ಬ ವೀಕ್ಷಕ, ಮೆಚ್ಚದ ಒಬ್ಬ ವೀಕ್ಷಕ, ಇಬ್ಬರಿಗೂ ಒಟ್ಟಿಗೆ ಫೋನ್ ಜೋಡಿಸಿ ಮಾತಾಡಿಸುವುದು. ನಿರೂಪಕಿ "ಹಲೋ, ಹೇಳಿ" ಎಂದಳು.

"ನಮಸ್ಕಾರ. ನಾನು ತಂತಿ ಎಳೆದವನು" ಎಂದಿತು ಒಂದು ದನಿ. "ಈಗ ಮಾತಾಡೋರೆಲ್ಲ ಸ್ವಿಚ್ ಒತ್ತಿದವರು. ಕತ್ತಲೆ ಹೇಗಿತ್ತು ಅಂತ ಇವರಿಗೇನು ಗೊತ್ತು?"

ಅದು ಪೌಡರಕ್ಕನ ಅಪ್ಪನ ದನಿ.

"ಕತ್ತಲೆ ನಮಗೂ ಗೊತ್ತು" ಎಂದಿತು ಇನ್ನೊಂದು ದನಿ. "ಮಿಲ್ಲು ಮುಚ್ಚಿದ ಮೇಲೆ ನಮ್ಮನೇಲೂ ಬಲ್ಬಿತ್ತು. ಒಲೆ ಮಾತ್ರ ಹತ್ತಲಿಲ್ಲ."

ಅದು ಗಂಡನ ದನಿ. ಅವಳ ಕೈಯಿಂದ ಪಫ್ ಜಾರಿ ನೆಲಕ್ಕೆ ಬಿತ್ತು. ಅಷ್ಟರಲ್ಲಿ ಸ್ಟುಡಿಯೋದಲ್ಲಿ ಕುಂಯ್ ಎಂಬ ಸದ್ದು ಏಳತೊಡಗಿತು. ಆಡಿದ ಮಾತೇ ತಡವಾಗಿ, ಎರಡೆರಡು ಸಲ, ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು.

"ದಯವಿಟ್ಟು ಇಬ್ಬರೂ ನಿಮ್ಮ ಟಿವಿ ಸೌಂಡ್ ಕಡಿಮೆ ಮಾಡಿ" ಎಂದಳು ನಿರೂಪಕಿ.

"ನಂದು ಕಡಿಮೆ ಇದೆ ಕಣಮ್ಮ. ಇದು ಕೆಳಗಡೆ ಮನೇದು" ಎಂದು, ತಂತಿ ಎಳೆದವರು ಫೋನನ್ನು ಬಾಯಿಂದ ದೂರ ಹಿಡಿಯದೆಯೇ ಕೂಗಿದರು. "ಏಯ್! ಕೆಳಗಡೆ! ಟಿವಿ ಸಣ್ಣ ಮಾಡೋ!"

ಆ ಕೂಗು ಎರಡನೆಯ ಫೋನಿನಲ್ಲೂ ಸ್ಪಷ್ಟವಾಗಿ ಕೇಳಿಸಿತು. ದೇಶಕ್ಕೆ ದೇಶವೇ ಕೇಳಿಸಿಕೊಂಡಿತು.

"ಮಾವಾ?" ಎಂದಿತು ಎರಡನೆಯ ದನಿ.

ಮೊದಲು ನಕ್ಕವರು ಹೊಗಳಪ್ಪ. ತೆಗಳಪ್ಪ ನಗಲಿಲ್ಲ, ಮೈಕಿನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಅಳಿಯಂದ್ರೇ, ನಿಮ್ಮ ಮಾವನೋರ ಊಟ ಆಯ್ತಾ?"

"ಅವರು ಕೆಳಗೆ ಬರಲ್ಲ ಸಾರ್. ಬೇಡ ಅಂತಾರೆ."

"ಬೇಡ ಅಂದೋರು ಯಾರು? ಇವನು ಕರೆದ್ರೆ ತಾನೇ!" ಎಂದಿತು ಮೊದಲ ದನಿ.

"ಕರೆದ್ರೆ ಬರ್ತೀರಾ?"

"ಕರೆದು ನೋಡು."

"ಬನ್ನಿ ಮಾವ. ಮೆಟ್ಟಿಲ ಲೈಟು ಹಾಕ್ತೀನಿ, ನಿಧಾನ. ನಾನೇ ಬರ್ತೀನಿ ತಡೀರಿ."

ಒಂದು ಫೋನು ಕಡಿದುಹೋಯಿತು. ಇನ್ನೊಂದರಲ್ಲಿ ಕುರ್ಚಿ ಸರಿದ ಸದ್ದು, ಕೆಮ್ಮು, ನಂತರ ಬರೀ ಟಿವಿಯ ಗುಂಯ್‌ಗುಡುವಿಕೆ. ನಿರೂಪಕಿ ಜಾಹೀರಾತಿಗೆ ಕೈಸನ್ನೆ ಮಾಡಿದಳು.

ಪೌಡರಕ್ಕ ಓಡಿಹೋಗಿ ಹೊಗಳಪ್ಪನವರ ಹಣೆಗೆ ಹೊಸ ಪಫ್ ಒತ್ತಿದಳು. ಪೌಡರೆಲ್ಲ ಕೋಟಿನ ಮೇಲೆ ಬಿತ್ತು.

"ಏನಕ್ಕಾ, ಏನಾಯ್ತು?"

"ಅವರಿಬ್ಬರೂ ನಮ್ಮನೆಯವರು ಸಾರ್" ಎಂದಳು. ಕಣ್ಣಿನ ಪೊರೆ, ಆಸ್ಪತ್ರೆ, ತಪ್ಪಿಸಲಾಗದ ಆ ದಿನ, ಎಲ್ಲವನ್ನೂ ಜಾಹೀರಾತು ಮುಗಿಯುವುದರೊಳಗೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಹೊಗಳಪ್ಪನವರು ಕೋಟು ಕೊಡವುತ್ತ, "ನಾವು ಒಂದೇ ಕಾರಲ್ಲಿ ಹೋಗ್ತೀವಿ ಅಂತ ಹೇಳಿದ್ರಾ ಅವರಿಗೆ?" ಎಂದರು.

"ಎಷ್ಟು ಸಲ ಹೇಳಿದೀನಿ ಸಾರ್. ನಂಬೋದೇ ಇಲ್ಲ. ನಾಟಕ ಅಂತಾರೆ."

"ಯಾವುದನ್ನ? ಕಾರನ್ನೋ, ಚರ್ಚೇನೋ?" ಎಂದರು ತೆಗಳಪ್ಪ. ಅದಕ್ಕೆ ಉತ್ತರ ಸಿಗುವ ಮೊದಲೇ ಕೆಂಪು ದೀಪ ಹತ್ತಿತು. ಉಳಿದ ಹೊತ್ತು ಇಬ್ಬರೂ ಈರುಳ್ಳಿಯ ಬಗ್ಗೆಯೇ ಮಾತಾಡಿದರು. ಅಧ್ಯಕ್ಷರ ಹೆಸರು ಬರಲೇ ಇಲ್ಲ. ಅಂಥದ್ದೊಂದು ದಿನ ಅವಳಿಗೆ ನೆನಪಿರಲಿಲ್ಲ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವಳು ನಾನಾ ಬಗೆಯಲ್ಲಿ ಲೆಕ್ಕ ಹಾಕಿದಳು. ಊರೆಲ್ಲ ಕೇಳಿಸಿಕೊಂಡಿದೆ, ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ, ಅವಮಾನವಾಯಿತೆಂದು ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಟ್ಟಿದ್ದರೆ? ಬೀದಿಯ ತಿರುವಿನಿಂದಲೇ ಮಹಡಿಯ ಕಿಟಕಿ ನೋಡಿದಳು. ಕತ್ತಲೆ. ಹೆಜ್ಜೆ ಚುರುಕುಮಾಡಿದಳು. ಗೇಟಿನ ಹತ್ತಿರ ಬಂದಾಗ ಕೆಳಗಿನ ಮನೆಯೊಳಗಿಂದ ಎರಡು ದನಿ ಕೇಳಿಸಿದವು.

"ಕರೆಂಟು ಬಂತೋ ಇಲ್ವೋ, ಅಷ್ಟು ಹೇಳು."

"ಬಂತು ಮಾವ. ಹಿಂದೇನೇ ಬಿಲ್ಲೂ ಬಂತು."

"ಬಿಲ್ಲು ನಾನು ಬರೆದೆನೇನೋ?"

ಅವಳು ಗೇಟು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆ ಜಗಳವನ್ನು ಹಾಡು ಕೇಳುವಂತೆ ಕೇಳಿಸಿಕೊಂಡು ಒಳಗೆ ಹೋದಳು. ಮೇಜಿನ ಮೇಲೆ ಎರಡು ತಟ್ಟೆ ಖಾಲಿಯಾಗಿದ್ದವು. ಅಪ್ಪ ಅವಳ ಕಡೆ ತಿರುಗದೆ, ಗೋಡೆಯನ್ನು ಕೇಳಿದಂತೆ, "ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೊರಡಬೇಕಂತೆ?" ಎಂದರು.

"ಬೆಳಗ್ಗೇನೇ, ಖಾಲಿ ಹೊಟ್ಟೇಲಿ" ಎಂದ ಗಂಡ, ಅವನೂ ಗೋಡೆಗೇ. ಆಮೇಲೆ ದನಿ ತಗ್ಗಿಸಿ, "ನಮ್ಮಪ್ಪ ಸೋಮಾರಿ ಅಲ್ಲ ಮಾವ" ಎಂದ.

ಅಪ್ಪ ಕೈಯಲ್ಲಿದ್ದ ಲೋಟ ತಿರುಗಿಸಿದರು. "ಗೊತ್ತು ಕಣೋ" ಎಂದರು. "ಬಾಯಿ ಜಾರಿತು. ಮಿಲ್ಲು ಮುಚ್ಚಬಾರದಿತ್ತು."

"ಋಣದ ಮಾತು ನಾನೂ ಆಡಬಾರದಿತ್ತು" ಎಂದ ಗಂಡ. ಬೆಳಗಿನ ತನಕ ಮತ್ತೆ ಯಾರೂ ಅಧ್ಯಕ್ಷರ ಸುದ್ದಿ ಎತ್ತಲಿಲ್ಲ.

ಪುಣ್ಯತಿಥಿಯ ದಿನ ಮೇಕಪ್ ಕೋಣೆ ಸಂತೆಯಂತಾಗಿತ್ತು. ಹಾಲಿ ಮಂತ್ರಿಗಳು, ಮಾಜಿ ಮಂತ್ರಿಗಳು, ಅಧ್ಯಕ್ಷರ ಅಡುಗೆಯವರು, ಡ್ರೈವರು. ಅವಳು ಒಂದರ ಹಿಂದೊಂದು ಟವೆಲ್ ಹಾಕುತ್ತ, ತೆಗೆಯುತ್ತ, ಏಪ್ರನ್ನಿನ ಜೇಬಿನಲ್ಲಿದ್ದ ಫೋನಿಗೆ ಕಿವಿಗೊಟ್ಟಿದ್ದಳು. ಕೊನೆಗೆ ಗಂಡ ಒಂದು ಫೋಟೋ ಕಳಿಸಿದ. ಆಸ್ಪತ್ರೆಯ ಬೆಂಚು. ಅಪ್ಪನ ಕಣ್ಣಿಗೆ ಬಿಳಿ ಪಟ್ಟಿ, ಒಂದು ಕೈ ಅಳಿಯನ ತೋಳಿನ ಮೇಲೆ, ಇನ್ನೊಂದು ಕೈಯ ಬೆರಳು ಮೇಲಕ್ಕೆ, ಬಾಯಿ ಅಗಲವಾಗಿ ತೆರೆದಿದೆ. ವಾದ ಮಾಡುತ್ತಿದ್ದಾರೆಂದು ನೋಡಿದರೇ ಗೊತ್ತಾಗುತ್ತಿತ್ತು. ಕೆಳಗೆ ಗಂಡ ಬರೆದಿದ್ದ: ‘ಎಲ್ಲ ಸರಿಯಾಯ್ತು. ಜೋರಾಗಿ ಮಾತಾಡಬಾರದು ಅಂದಿದ್ದಾರೆ ಡಾಕ್ಟರು. ಕೇಳಬೇಕಲ್ಲ.’

ಅವಳು ಒಂದು ಕ್ಷಣ ಆ ಸಾಲುಸಾಲು ಬಲ್ಬುಗಳ ಎದುರು ತನ್ನದೇ ಮುಖ ನೋಡಿಕೊಂಡಳು. ಕಣ್ಣ ಕೆಳಗಿನ ಒದ್ದೆಗೆ ಪೌಡರ್ ಬೇಕಾಗಿತ್ತು. ಹಚ್ಚಿಕೊಳ್ಳಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ರಾತ್ರಿ ಕೆಲಸ ಮುಗಿಸಿ ಬರುವಾಗ ಅವಳು ಮೇಕಪ್ ಕೋಣೆಯಿಂದ ಒಂದು ಹಳೆಯ ಬಿಳಿ ಟವೆಲ್ ಕೇಳಿ ತಂದಿದ್ದಳು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಔಷಧಿ ಕುತ್ತಿಗೆಗೆ ಇಳಿಯದಂತೆ ಅದನ್ನು ಸುತ್ತಿದಳು. ಟಿವಿಯಲ್ಲಿ ಸಂಜೆಯ ಚರ್ಚೆಯ ಮರುಪ್ರಸಾರ, ಹೊಗಳಪ್ಪ ಆಗಲೇ ಶುರುಮಾಡಿದ್ದರು: "ಅವರಿದ್ದಿದ್ದರೆ..."

"ನೋಡಿದೆಯಾ, ನಾನು ಹೇಳಲಿಲ್ವಾ..." ಎಂದು ಅಪ್ಪ ಬಾಯಿ ತೆರೆದರು.

"ಟವೆಲ್!" ಎಂದಳು ಪೌಡರಕ್ಕ. ಗಂಡ ಎದ್ದು ಟಿವಿ ಆರಿಸಿದ.

ಹನಿ ಬಿತ್ತು. ಅಪ್ಪ ಕಣ್ಣು ಮುಚ್ಚಿ, ಕಾದು, ನಿಧಾನವಾಗಿ ತೆರೆದರು. ಎದುರಿಗೆ ಬಾಗಿ ನಿಂತಿದ್ದ ಅಳಿಯನನ್ನು ಹೊಸಬನನ್ನು ನೋಡಿದಂತೆ ನೋಡಿದರು.

"ಲೇ, ನಿನ್ನ ತಲೇಲಿ ಇಷ್ಟೊಂದು ಬಿಳಿಕೂದಲು ಯಾವಾಗ ಬಂತೋ?"

"ನೀವು ಮಹಡಿ ಇಳೀದೆ ಕೂತಿದ್ರಲ್ಲ, ಆವಾಗ."

ಅಪ್ಪ ನಕ್ಕರು. ಅವಳು ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು. ಹಿಂದಿನಿಂದ, ಟವೆಲ್ ತೆಗೆದದ್ದೇ ತಡ, "ಈಗ ಹೇಳಿ ಮಾವ, ಆ ಕರೆಂಟು ಬಿಲ್ಲಿನ ವಿಷಯ..." ಎಂಬ ಗಂಡನ ದನಿ ಕೇಳಿಸಿತು. ಅವಳು ಕಪಾಟಿನಿಂದ ಮೂರು ತಟ್ಟೆ ತೆಗೆದು ಮೇಜಿನ ಮೇಲೆ ಹರಡಿದಳು.