‘ಏನಾರ ಆದ್ರ’ ಎಂಬ ಎರಡು ಕಿಲೊ

ವಿಮಾನ ನಮ್ಮನ್ನು ಬಿಟ್ಟು ಹೋಗಬಹುದಿತ್ತು. ಹೈದರಾಬಾದಿನ ದಾರಿಯಲ್ಲಿ ಟಾಯರು ಪಂಕ್ಚರಾಗಿ, ತೆಗೆದು ನೋಡಿದರೆ ಸ್ಟೆಪ್ನಿಯೂ ಪಂಕ್ಚರಾಗಿರಬಹುದಿತ್ತು. ಪಾಸ್‌ಪೋರ್ಟಿನಲ್ಲಿ ನಮ್ಮಪ್ಪನ ಹೆಸರಿಗೆ ಅಂಟಿಕೊಂಡಿರುವ ಒಂದು ಹೆಚ್ಚಿನ ಅಕ್ಷರ ಕಂಡು, ನಾನು ಯಾರ ಮಗ ಎಂದು ಅಧಿಕಾರಿಯೊಬ್ಬರು ವಿಚಾರಣೆಗೆ ಕೂರಿಸಬಹುದಿತ್ತು. ಶೇಂಗಾ ಚಟ್ನಿಯನ್ನು ಪೊಲೀಸ್ ನಾಯಿ ಮೂಸಿ ಸೀನಬಹುದಿತ್ತು. ಆ ಸೀನಿನ ಮೇಲೆ ನನ್ನನ್ನು ಹಿಡಿಯಬಹುದಿತ್ತು. ವೀಸಾದ ಫೋಟೋದಲ್ಲಿ ನನ್ನ ಎಡಗಿವಿ ಸರಿಯಾಗಿ ಕಾಣುವುದಿಲ್ಲವೆಂದು ವಾಪಸು ಕಳಿಸಬಹುದಿತ್ತು. ಐರ್ಲೆಂಡಿನವರ ಇಂಗ್ಲಿಷು ನನಗೂ ನನ್ನ ಇಂಗ್ಲಿಷು ಅವರಿಗೂ ತಿಳಿಯದೆ, ಅಲ್ಲಿ ನಾನು ಮೂಕನಾಗಿಯೇ ಮುದುಕನಾಗಬಹುದಿತ್ತು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬುದು ಸಮುದ್ರದ ಮೇಲೆ ಹಾರುವಾಗ ನೆನಪಾಗಬಹುದಿತ್ತು. ಸಿಲಿಂಡರನ್ನೇ ವಾಪಸು ಕೊಟ್ಟಿದ್ದೆವು, ಆ ಮಾತು ಬೇರೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ನನಗೆ ನಲವತ್ತೊಂಬತ್ತು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ಮೇನ್ ಸ್ವಿಚ್ ಆಫ್ ಮಾಡಿ, ತಿರುಗಿ ಹೋಗಿ ಆಫ್ ಆಗಿದೆಯೇ ಎಂದು ನೋಡಿ, ಇನ್ನೊಬ್ಬರನ್ನೂ ಕಳಿಸಿ ನೋಡಿಸಿ, ಆಮೇಲೆ ವೈರು ಮುಟ್ಟುವವ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಲ್ಯಾಬಿನಲ್ಲಿ ಒಬ್ಬರಿಗೂ ಶಾಕ್ ಹೊಡೆದಿಲ್ಲ. ಅರ್ಧಕ್ಕರ್ಧ ಪ್ರಯೋಗಗಳು ಮುಗಿದೂ ಇಲ್ಲ.

ಹೆಂಡತಿ ನರ್ಸು. ಹತ್ತು ವರ್ಷದ ಹಿಂದೊಮ್ಮೆ ಅವಳಿಗೆ ಹೊರದೇಶದ ದವಾಖಾನೆಯೊಂದರಿಂದ ಕೆಲಸದ ಪತ್ರ ಬಂದಿತ್ತು. ಆಗ ನಾನು ಬೇಡ ಅನ್ನಲಿಲ್ಲ. ಅಲ್ಲಿ ಏನಾರ ಆದ್ರ ಅಂದೆ. ಬಿಸಿಲಿಗೆ ಏನಾರ ಆದ್ರ, ನೀರಿಗೆ ಏನಾರ ಆದ್ರ, ಇಲ್ಲಿಯ ಮನೆಗೆ ಏನಾರ ಆದ್ರ. ಹದಿನೈದು ದಿನ ಕೇಳಿಸಿಕೊಂಡು ಅವಳು ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿದಳು. ಜಗಳವಾಡಿದ್ದರೆ ನನಗೂ ಸಮಾಧಾನವಿರುತ್ತಿತ್ತು, ಅವಳು ಆಡಲಿಲ್ಲ.

ಈ ಸಲ ಪತ್ರ ಬಂದದ್ದು ಐರ್ಲೆಂಡಿನಿಂದ. ಸೋಮವಾರದೊಳಗೆ ಉತ್ತರ ಕೊಡಬೇಕು. ಅವಳಿಗೂ ನಲವತ್ತಾರು, ಮೂರನೆಯ ಪತ್ರ ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳ ಷರತ್ತು ಒಂದೇ: ನಾನು ಮನಸ್ಸಿನಿಂದ ಬರುವುದಾದರೆ ಮಾತ್ರ ಅವಳು ಹೋಗುವವಳು. ದಿನಾ ಫೋನಿನಲ್ಲಿ ನನ್ನ ಅಂಜಿಕೆಯನ್ನು ಕೇಳಿಸಿಕೊಂಡು ಅಲ್ಲಿ ಕೆಲಸ ಮಾಡುವುದು ತನ್ನಿಂದಾಗದು ಎಂದಳು. ಫಾರ್ಮಿನಲ್ಲಿ ನನ್ನ ಹೆಸರಿನ ಮುಂದೆ ‘ಡಿಪೆಂಡೆಂಟ್’ ಎಂದು ಬರೆಯಬೇಕಿತ್ತು. ಇಪ್ಪತ್ತು ವರ್ಷದಿಂದ ಓಣಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಕೊನೆಗೆ ಒಂದು ಸರಕಾರ ಬರಹದಲ್ಲಿ ಕೇಳುತ್ತಿತ್ತು.

ಆ ಭಾನುವಾರ ಇಳಕಲ್ಲಿನಲ್ಲಿರುವ ಅವಳ ಚಿಗವ್ವನ ಮನೆಗೆ ಹೋದೆವು. ತಾಯಿಯ ತಂಗಿ, ಮಗ್ಗದವರು. ಮಗ್ಗದಿಂದ ಏಳದೆಯೇ ಚಿಗವ್ವ ನಮ್ಮಿಬ್ಬರ ಮುಖ ನೋಡಿ ವಿಷಯ ತಿಳಿದುಕೊಂಡರು. ಐರ್ಲೆಂಡು ಎಲ್ಲಿದೆ ಎಂದು ಕೇಳಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, “ಅಳಿಯಾರಿಗೆ ಹೇಳವಾ, ಅಲ್ಲಿ ಅಂಜಾಕ ಬ್ಯಾರೆ ವೀಸಾ ಬೇಕಂತ” ಅಂದರು.

ನಾನು ನಕ್ಕೆ. ನಗುತ್ತಲೇ, ಅಲ್ಲ, ಅಲ್ಲಿ ಹೋದ ಮೇಲೆ ಏನಾರ ಆದ್ರ ಎಂದು ಶುರುಮಾಡಿದೆ. ಹೆಂಡತಿ ಸೆರಗಿನ ನೂಲನ್ನು ಬೆರಳಲ್ಲಿ ಸವರುತ್ತಿದ್ದಳು. ತಲೆ ಎತ್ತದೆ ಹೇಳಿದಳು.

“ನನಗೂ ಅಂಜಿಕಿ ಐತ್ರಿ. ಆದ್ರ ಮನ್ಯಾಗ ಅಂಜೂ ಕೆಲಸ ಎಲ್ಲಾ ನೀವ ಹಿಡದೀರಿ. ನಾ ಯಾವಾಗ ಅಂಜಲಿ?”

ಚಿಗವ್ವ ಮಗ್ಗ ನಿಲ್ಲಿಸಿದರು. ಇಪ್ಪತ್ತು ವರ್ಷ ಇವಳಿಗೆ ಅಂಜಿಕೆ ಎಂಬುದೇ ಇಲ್ಲ ಎಂದುಕೊಂಡು, ಇಬ್ಬರ ಪಾಲಿನದನ್ನೂ ನಾನೇ ಹೊತ್ತಿದ್ದೇನೆ ಎಂಬ ಸಣ್ಣ ಹೆಮ್ಮೆಯಲ್ಲಿದ್ದೆ. ಹೊತ್ತದ್ದಲ್ಲ, ಕಸಿದುಕೊಂಡದ್ದು ಎಂದು ಆವತ್ತು ತಿಳಿಯಿತು. ಸೋಮವಾರ ಬೆಳಿಗ್ಗೆ ಅವಳು ಏಳುವ ಮೊದಲೇ ಸ್ನಾನ ಮಾಡಿ ಕಾಲೇಜಿಗೆ ಹೋಗಿ ರಾಜೀನಾಮೆ ಕೊಟ್ಟುಬಂದೆ. ಪತ್ರದ ಒಂದು ಝೆರಾಕ್ಸು ಇಟ್ಟುಕೊಂಡೆ, ನಿಜ. ಅವಳು ಅದನ್ನು ಎರಡು ಸಲ ಓದಿ, ಚಹಾ ಕುಡಿಯದೆ ಕೂತು, ಐರ್ಲೆಂಡಿಗೆ ‘ಬರುತ್ತೇವೆ’ ಎಂದು ಬರೆದಳು.

ಅಂದಿನಿಂದ ಆ ಐದಕ್ಷರದ ಎರಡು ಪದ ನನ್ನ ಬಾಯಿಂದ ಬರಲಿಲ್ಲ. ಬಾಯಿ ಮುಚ್ಚಿದರೆ ಕೈ ಸುಮ್ಮನಿರುತ್ತದೆಯೇ? ಇಬ್ಬರ ಎಲ್ಲ ಕಾಗದಗಳನ್ನೂ ಮೂರು ಮೂರು ಪ್ರತಿ ಮಾಡಿಸಿದೆ. ಒಂದು ಸೆಟ್ಟು ಕೈಚೀಲದಲ್ಲಿ. ಇನ್ನೆರಡನ್ನು ದಪ್ಪ ಫೈಲುಗಳಿಗೆ ಹಾಕಿ, ಒಂದು ಬ್ಯಾಗು ಕಳೆದರೂ ಇನ್ನೊಂದರಲ್ಲಿ ಇರಲಿ ಎಂದು ಎರಡು ದೊಡ್ಡ ಬ್ಯಾಗುಗಳಲ್ಲಿ ಒಂದೊಂದು ಇಟ್ಟೆ. ಹೆಂಡತಿ ಅವಕ್ಕೆ ‘ಏನಾರ ಆದ್ರ ಫೈಲು’ ಎಂದು ಹೆಸರಿಟ್ಟು, ರೊಟ್ಟಿಯ ಕೆಳಗೆ ತುರುಕಲು ಜಾಗ ಕೊಟ್ಟಳು.

ಉಳಿದದ್ದು ತೂಕ. ಒಂದು ಬ್ಯಾಗಿಗೆ ಇಪ್ಪತ್ಮೂರು ಕಿಲೊ. ಕೊಕ್ಕೆಗೆ ನೇತುಹಾಕಿ ತೂಗುವ ಸಣ್ಣ ಯಂತ್ರ ತರಿಸಿದ್ದೆ. ಅದು ಒಮ್ಮೆ ಇಪ್ಪತ್ತೆರಡು ಅಂದಿತು, ಉಸಿರು ಬಿಟ್ಟು ಎತ್ತಿದರೆ ಇಪ್ಪತ್ನಾಲ್ಕು ಅಂದಿತು. ಇಂಥದರ ಮೇಲೆ ದೇಶ ಬಿಡುವುದು ಹೇಗೆ? ಹುನಗುಂದದಲ್ಲಿ ಹೆಂಡತಿಯ ತಮ್ಮನ ಅಡತಿ ಅಂಗಡಿ ಇದೆ. ಹೈದರಾಬಾದಿಗೆ ಅವನ ಕಾರಿನಲ್ಲೇ ಹೋಗುವುದಿತ್ತು. ಕ್ವಿಂಟಾಲುಗಟ್ಟಲೆ ಕಡಲೆ, ತೊಗರಿ ತೂಗುವ ಕಾಟಾ ಇರುವಾಗ ಕೊಕ್ಕೆ ಯಾಕೆ ಎಂದು ಬ್ಯಾಗುಗಳನ್ನು ಅಲ್ಲಿಗೇ ಒಯ್ದೆ.

ಅಲ್ಲಿ ತೂಕ ಮಾಡುವ ಕಾಕಾ ನಲವತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ಕಾಟಾದ ಅಂಕಿ ಅವರ ಕಡೆಗಿತ್ತು, ಪಟ್ಟಿ ಬರೆಯುವ ಪೆನ್ನು ನನ್ನ ಕಡೆಗೆ. ಮೊದಲ ಬ್ಯಾಗು ಇಟ್ಟ ಕೂಡಲೆ, ಕಾಳು ಅಳೆಯುವಾಗ ಒಂದು ಎನ್ನದೆ ‘ಲಾಭ’ ಎನ್ನುವ ಹಾಗೆ, “ಲಾಭ” ಎಂದು ಕೂಗಿ ಆಮೇಲೆ ತೂಕ ಹೇಳಿದರು. ಸ್ವಲ್ಪ ಕಡಿಮೆಯಿತ್ತು. ಚಟ್ನಿಪುಡಿ ಸೇರಿಸಿದೆ. ಎರಡನೆಯದಕ್ಕೆ ಜೋಳದ ಹಿಟ್ಟು ಸೇರಿಸಿದೆ. ಎರಡೂ ಬರೋಬ್ಬರಿ ಇಪ್ಪತ್ಮೂರು. ಇನ್ನೊಮ್ಮೆ ತೂಗಿಸಿದೆ. ಅದೇ. ಮೂರನೆಯ ಸಲ ಕೇಳಿದಾಗ ಕಾಕಾ ನನ್ನನ್ನೇ ಕಾಟಾದ ಮೇಲೆ ನಿಲ್ಲಲು ಹೇಳಿದರು.

ಹೈದರಾಬಾದಿನವರೆಗೆ ಟಾಯರು ಗಟ್ಟಿಯಾಗಿತ್ತು. ವಿಮಾನ ನಿಲ್ದಾಣದಲ್ಲಿ ನಾಯಿ ನಮ್ಮ ಕಡೆ ನೋಡಲೂ ಇಲ್ಲ. ಕೌಂಟರಿನ ಹುಡುಗಿ ಬ್ಯಾಗುಗಳನ್ನು ಇಡಿಸಿಕೊಂಡು, ಎರಡರಲ್ಲೂ ಒಂದೊಂದು ಕಿಲೊ ಹೆಚ್ಚಿದೆ, ತೆಗೆಯಬೇಕು ಎಂದಳು.

ಹೆಂಡತಿ ಬ್ಯಾಗನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಹತ್ತು ವರ್ಷದ ಹಿಂದಿನ ಟ್ರಂಕು ಅಲ್ಲೇ ಎಲ್ಲೋ ಬಾಯಿ ತೆರೆದು ಕೂತಂತಿತ್ತು. ನಾನು ನೆಲಕ್ಕೆ ಕೂತು ಎರಡೂ ಬ್ಯಾಗಿನ ಜಿಪ್ಪು ಎಳೆದು, ರೊಟ್ಟಿ ಸರಿಸಿ, ಫೈಲುಗಳನ್ನು ಹೊರಗೆ ತೆಗೆದೆ. ಮತ್ತೆ ಇಟ್ಟರೆ ಇಪ್ಪತ್ಮೂರು, ಇಪ್ಪತ್ಮೂರು.

“ಏನಾರ ಆದ್ರ?” ಅಂದಳು. ತಮಾಷೆಗಲ್ಲ. ಅವಳ ಪಾಳಿ ಬಂದಿತ್ತು.

“ಕೈಯಾಗ ಒಂದು ಸೆಟ್ ಐತಿ. ಸಾಕು.”

ಹೊರಗೆ ನಿಂತಿದ್ದ ಅವಳ ತಮ್ಮನನ್ನು ಬಾಗಿಲಿಗೆ ಕರೆಸಿ ಫೈಲು ಕೊಟ್ಟೆ. ಅವನಿಗೆ ಅವಮಾನವಾಗಿತ್ತು, ತಮ್ಮ ಕಾಟಾ ಸುಳ್ಳು ಹೇಳುವುದಿಲ್ಲ ಎಂದು ಅಲ್ಲಿಂದಲೇ ಹುನಗುಂದಕ್ಕೆ ಫೋನು ಹಚ್ಚಿ, ನನಗೂ ಕೇಳುವ ಹಾಗೆ ಹಿಡಿದ. ಕಾಕಾ ಸ್ವಲ್ಪವೂ ಗಾಬರಿಯಾಗಲಿಲ್ಲ.

“ಚೀಲಕ್ಕ ಒಂದ್ ಕಿಲೊ ಕಳದ ಹೇಳೇನ್ರಿ ಮಾಸ್ತರ. ಮಾಲಿನ ತೂಕಾನ ತೂಕ. ಚೀಲ ಯಾರ್ ತಿಂತಾರ?”