ವಿಭೂತಿ ಹಚ್ಚಿದ ನೋಟು

ಸೋಮವಾರ, ಬೆಳಿಗ್ಗೆ ಆರೂವರೆ. ಹಳೇಬೀಡಿನ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ನಾನು, ನನ್ನ ಹೆಂಡತಿ, ಅರಸೀಕೆರೆಯ ಹಾಸ್ಟೆಲ್‌ಗೆ ಹೊರಟು ನಿಂತಿದ್ದ ಮೊಮ್ಮಗಳು. ಅವಳದು ಡಿಗ್ರಿ ಎರಡನೇ ವರ್ಷ.

ವಾರದ ಖರ್ಚಿನ ಹಣವನ್ನು ಪೂಜೆಯಲ್ಲಿಟ್ಟು, ತುದಿಗೆ ವಿಭೂತಿ ಹಚ್ಚಿ ಅವಳ ಕೈಗೆ ಕೊಡುವುದು ನನ್ನ ಪದ್ಧತಿ. ಅಂದು ಅವಳು ಕೈ ನೀಡಲಿಲ್ಲ.

“ಫೋನಿಗೇ ಹಾಕಿಸಿ ತಾತ. ನೋಟು ಬೇಡ.”

“ಫೋನಿಗೆ ವಿಭೂತಿ ಹಚ್ಚೋಕಾಗುತ್ತೇನೇ?” ಎಂದಳು ಡಬ್ಬಿಗೆ ಚಟ್ನಿಪುಡಿ ತುಂಬುತ್ತಿದ್ದ ಹೆಂಡತಿ. “ಚಾರ್ಜ್ ಹಾಕೋ ತೂತೇ ಮುಚ್ಚಿಹೋದೀತು.”

ಮೊಮ್ಮಗಳು ನಗಲಿಲ್ಲ. ಕಾಲೇಜು ಮಕ್ಕಳು ಒಂದು ಟೀಗೂ ಫೋನು ಹಿಡಿಯುವುದನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದ್ದೆ. ಚಿಲ್ಲರೆಯ ತಾಪತ್ರಯಕ್ಕೋ, ಗೆಳತಿಯರನ್ನು ನೋಡಿಯೋ ಇವಳೂ ಕೇಳುತ್ತಿದ್ದಾಳೆ ಎಂದುಕೊಂಡೆ. ಕೇಳಿದಾಗ ಹೇಳಿದಳು, ಕಾರಣ ಬೇರೆಯೇ ಇತ್ತು. ಅವಳ ಹಾಸ್ಟೆಲ್ ರೂಮಿನಲ್ಲಿ ಯಾರದೋ ದುಡ್ಡು ಕಾಣೆಯಾಗಿ, ಅದೇ ರೂಮಿನಲ್ಲಿದ್ದ, ಬಿಕ್ಕೋಡಿನ ಕಡೆಯಿಂದ ಬಂದ ಎಸ್ಟೇಟ್ ಕೂಲಿಯವರ ಮಗಳ ಪೆಟ್ಟಿಗೆ ತೆಗೆಸಿದ್ದರು. ಏನೂ ಸಿಗಲಿಲ್ಲ. ಆಮೇಲೆ ಅಲ್ಲಿ ಯಾರೂ ನೋಟು ಇಟ್ಟುಕೊಳ್ಳುತ್ತಿಲ್ಲ. ಆ ಹುಡುಗಿಯ ಹತ್ತಿರ ಮಾತ್ರ ಇರುವುದು ಬಟನ್ ಫೋನು, ಅವಳಿಗೆ ನೋಟೇ ಗತಿ.

“ಕಾಲೇಜ್ ಕ್ಯಾಂಟೀನಲ್ಲಿ ಅವಳೊಬ್ಬಳೇ ನೋಟು ತೆಗೆಯೋದು ತಾತ. ತೆಗೆದಾಗೆಲ್ಲ ನಮ್ಮ ರೂಮಿನವರು ತಿರುಗಿ ನೋಡ್ತಾರೆ. ಈಗ ಮಧ್ಯಾಹ್ನ ಊಟಕ್ಕೇ ಬರಲ್ಲ. ಕಾಲೇಜು ಬಿಡ್ತೀನಿ ಅಂತಿದ್ದಾಳೆ.”

“ಪೆಟ್ಟಿಗೆ ತೆಗೆಸಿದ್ದು ಯಾರು?”

“ಎಲ್ಲರೂ.” ಬ್ಯಾಗಿನ ಜಿಪ್ ಎರಡು ಸಲ ಎಳೆದಳು. “ನಾನೂ ಇದ್ದೆ.”

ಬೈಯಬೇಕೆನಿಸಿತು. ಬಸ್ಸಿಗೆ ಹೊತ್ತಾಗಿತ್ತು.

“ಈ ನೋಟು ತಗೋ. ಅವಳ ಪಕ್ಕ ನಿಂತು ನೀನೂ ನೋಟೇ ಕೊಡು.”

“ನನ್ನನ್ನೂ ಹಾಗೇ ನೋಡ್ತಾರೆ.”

“ನೋಡಲಿ. ಅವಳನ್ನ ನೋಡಿಲ್ವೇನು?”

ಹಣವನ್ನು ಮುಟ್ಟದೆ ಮೆಟ್ಟಿಲಿಳಿದಳು. ಗೇಟಿನವರೆಗೆ ಹೋದವಳು ತಿರುಗಿ ಬಂದು, ನನ್ನ ಮುಖ ನೋಡದೆ ನೋಟು ಇಸಿದುಕೊಂಡು ಓಡಿದಳು.

ತೋಟಕ್ಕೆ ನೀರು ಬಿಟ್ಟೆ. ಬೇಲೂರಿಗೆ ಹೋಗಿ ಪಂಪಿನ ರಿಪೇರಿ ಮುಗಿಸಿ ಬಂದೆ. ದಿನವೆಲ್ಲ ಆ ಪೆಟ್ಟಿಗೆಯದೇ ಯೋಚನೆ. ಮಡಿಸಿಟ್ಟ ಬಟ್ಟೆಯನ್ನು ಒಂದೊಂದಾಗಿ ಕೆದಕುವಾಗ ನಮ್ಮ ಹುಡುಗಿ ಎಲ್ಲಿ ನಿಂತಿದ್ದಳೋ.

ಸಂಜೆ ಅವಳೇ ಫೋನ್ ಮಾಡಿದಳು.

“ಕ್ಯಾಂಟೀನಿಗೆ ಕರಕೊಂಡು ಹೋದೆ ತಾತ. ಇಬ್ಬರೂ ನೋಟೇ ಕೊಟ್ವಿ.”

“ಮಾತಾಡಿದಳಾ?”

“ಇಲ್ಲ.”

“ಊಟ?”

“ಅರ್ಧಕ್ಕೇ ಎದ್ದಳು.”

“ನಾಳೆಯೂ ಕರಕೊಂಡು ಹೋಗು. ನಾಳಿದ್ದೂ.”

“ಹೂಂ.”

ಆ ಹುಡುಗಿಯ ಹತ್ತಿರ ತಪ್ಪಾಯ್ತು ಅಂದೆಯಾ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದಳು. ನಾನು ಪೂಜೆಯ ತಟ್ಟೆ ತೊಳೆದು ಬೋರಲು ಹಾಕಿ, ಮುಂಬಾಗಿಲ ಚಿಲಕ ಹಾಕಿದೆ.