ಮೊದಲ ಹಾಳೆಯ ಅಕ್ಷರ

ನಮ್ಮ ಸಹಕಾರಿ ಸಂಘದ ಕಚೇರಿ ಇರುವುದು ಶಿರಸಿಯಲ್ಲಿ. ಸದಸ್ಯರು ಸಿದ್ದಾಪುರ, ಯಲ್ಲಾಪುರದ ತನಕ ಹರಡಿಕೊಂಡಿದ್ದಾರೆ. ವರ್ಷಕ್ಕೊಮ್ಮೆ, ಮಹಾಸಭೆಗೆ ಮೊದಲು, ಅವರೆಲ್ಲರ ಮನೆಗೂ ದಪ್ಪನೆಯ ವರದಿ ಅಂಚೆಯಲ್ಲಿ ಹೋಗುತ್ತದೆ. ಅದನ್ನು ಪೂರ್ತಿ ಓದುವ ಪುಣ್ಯಾತ್ಮರು ಯಾರಾದರೂ ಇದ್ದಾರೆಂದು ನನಗೆ ನಂಬಿಕೆಯಿಲ್ಲ. ಆದರೆ ಮೊದಲ ಹಾಳೆಯನ್ನು ಎಲ್ಲರೂ ಓದುತ್ತಾರೆ. ಆ ವರ್ಷ ತೀರಿಕೊಂಡ ಸದಸ್ಯರ ಹೆಸರುಗಳಿರುವುದು ಅಲ್ಲಿ.

ವರದಿಗೆ ಅಕ್ಷರ, ಅಂದರೆ ಫಾಂಟು, ಆರಿಸುವ ಕೆಲಸ ಮೊದಲಿನಿಂದಲೂ ಅಕ್ಕನದು. ನನ್ನ ಪಕ್ಕದ ಮೇಜಿನವರು, ಬನವಾಸಿ ಕಡೆಯವರು, ಕಚೇರಿಗೆಲ್ಲ ಅಕ್ಕ. ಒಂದೇ ಹಾಳೆಯನ್ನು ಎರಡು ಮೂರು ಬಗೆಯ ಅಕ್ಷರದಲ್ಲಿ ಮುದ್ರಿಸಿ ಎದುರಿನ ಗೋಡೆಗೆ ಅಂಟಿಸಿ, ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಒತ್ತಕ್ಷರ ಕೆಳಗಿನ ಸಾಲಿನ ತಲೆಯ ಮೇಲೆ ಕೂತಿದೆಯೇ, ಧ ಯಾವುದು ಥ ಯಾವುದು ಗೊತ್ತಾಗುತ್ತದೆಯೇ, ಇದೇ ಅವರ ಚಿಂತೆ. "ಓದೋರು ಚಾಳೀಸ ಮನ್ಯಾಗ ಬಿಟ್ಟು ಬಂದಾರ ಅಂತ ತಿಳಕೊಂಡು ಅಕ್ಷರ ಆರಿಸಬೇಕವಾ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಅಧ್ಯಕ್ಷರು ನಗುತ್ತಿರಲಿಲ್ಲ. "ಇದೆಂತ, ವರದಿಯೋ ಅಂಕಲಿಪಿಯೋ?" ಎಂದು ಪ್ರತಿ ವರ್ಷ ರೇಗುತ್ತಿದ್ದರು. ಜಪ್ಪಯ್ಯ ಅಂದರೂ ಅಕ್ಕ ಬಗ್ಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಕೊನೆಯ ತೀರ್ಮಾನ ಅಕ್ಕನದೂ ಅಲ್ಲ, ಅವರ ಅವ್ವನದು. ಅವ್ವ ಓದು ಕಲಿತದ್ದು ತಲೆ ನರೆತ ಮೇಲೆ, ಅದೂ ಮಗಳೇ ಕೂರಿಸಿಕೊಂಡು ಕಲಿಸಿದ್ದು. ಅಕ್ಕ ಮೊದಲ ಹಾಳೆಯ ಪ್ರತಿಗಳನ್ನು ಸಂಜೆಯ ಬಸ್ಸಿನಲ್ಲಿ ಮನೆಗೆ ಒಯ್ದು ಅವ್ವನ ಮುಂದೆ ಇಡುತ್ತಿದ್ದರು. ಬೆರಳಿಟ್ಟು ಓದುತ್ತ ಹೋಗುವ ಅವ್ವ ಯಾವುದರಲ್ಲಿ ತಡವರಿಸುವುದಿಲ್ಲವೋ ಅದೇ ಆ ವರ್ಷದ ಅಕ್ಷರ. "ಅವ್ವಗ ತಿಳದ್ರ ಮೂರೂ ತಾಲೂಕಿಗೆ ತಿಳೀತೈತಿ" ಎನ್ನುವುದು ಅಕ್ಕನ ಲೆಕ್ಕಾಚಾರ.

ಈ ಬೇಸಿಗೆಯಲ್ಲಿ ಜ್ವರವೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ ಅಕ್ಕ ತಿರುಗಿ ಬರಲಿಲ್ಲ.

ವರದಿಯ ಕೆಲಸ ನನ್ನ ತಲೆಗೆ ಬಂತು. ಅಕ್ಕನ ಹಳೆಯ ಕಡತಗಳನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ಅವರು ಬಳಸುತ್ತಿದ್ದ ಫಾಂಟು ಇದರಲ್ಲಿ ಇರಲಿಲ್ಲವಾದ್ದರಿಂದ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು. ಅಕ್ಕ ಏನೋ ಹೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ ಅನ್ನಿಸಿತು. ಗೋಡೆಯ ಮೇಲೆ ಅವರು ಹಚ್ಚಿದ್ದ ಟೇಪಿನ ಚೂರುಗಳು ಹಾಗೇ ಇದ್ದವು. ಟೈಪು ಮಾಡಲು ಕೂತರೆ ಸಾಕು, ಕುರ್ಚಿಯ ಹಿಂದೆ ಯಾರೋ ನಿಂತು ಓದುತ್ತಿರುವ ಹಾಗೆ. ಹಾಡಹಗಲೇ, ಫ್ಯಾನು ತಿರುಗುತ್ತ, ಜನ ಬಂದು ಹೋಗುತ್ತ ಇರುವಾಗ ಹೀಗಾಗುತ್ತದೆಂದು ಯಾರಿಗೆ ಹೇಳಲಿ? ಹೆದರಿಕೆಯಾಗುತ್ತಿತ್ತು. ತಿರುಗಿ ನೋಡಿ, ಯಾರೂ ಇಲ್ಲವೆಂದು ಕಂಡಾಗ ಇನ್ನಷ್ಟು ಸಂಕಟವಾಗುತ್ತಿತ್ತು.

ಪ್ರೆಸ್ಸಿನವರು ಹೊಸದೊಂದು ಫಾಂಟು ಕಳಿಸಿದರು. ತೆಳ್ಳಗೆ, ಒತ್ತೊತ್ತಾಗಿ, ದೊಡ್ಡ ಕಂಪನಿಯ ಕಾಗದದ ಹಾಗೆ ಠೀವಿಯದು. "ಇದೇ ಹಾಕಿಬಿಡು ತಂಗಿ, ಪುಟನೂ ಕಮ್ಮಿ ಆಗ್ತು" ಎಂದರು ಅಧ್ಯಕ್ಷರು. ನಾನು ಅಗಲ ಅಕ್ಷರದ ಇನ್ನೊಂದನ್ನು ಹುಡುಕಿಟ್ಟುಕೊಂಡಿದ್ದೆ. ಯಾವುದೆಂದು ಕೇಳುವುದಕ್ಕೆ ಇದ್ದವರು ಒಬ್ಬರೇ, ಅವ್ವ. ಆದರೆ ಅಕ್ಕನೂ ಸಂಘದ ಸದಸ್ಯೆ. ಈ ಸಲದ ಮೊದಲ ಹಾಳೆಯಲ್ಲಿ ಅವರ ಹೆಸರಿದೆ. ಅದನ್ನು ಹಿಡಿದುಕೊಂಡು ಹೆತ್ತವಳ ಮುಂದೆ ಯಾವ ಮುಖ ಹೊತ್ತು ಹೋಗುವುದು? ಕೊನೆಗೆ ಗೊಬ್ಬರ ವಿತರಣೆಯ ಪುಟವನ್ನು ಎರಡೂ ಅಕ್ಷರದಲ್ಲಿ ಮುದ್ರಿಸಿಕೊಂಡು, ಭಾರಿ ಉಪಾಯ ಮಾಡಿದೆನೆಂದುಕೊಂಡು ಬನವಾಸಿ ಬಸ್ಸು ಹತ್ತಿದೆ. ಮೊದಲ ಹಾಳೆಯ ಪ್ರತಿಗಳೂ ಚೀಲದಲ್ಲೇ ಉಳಿದಿದ್ದವು.

ಅವ್ವ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ಬಂದ ಕೆಲಸ ಹೇಳಿ ಗೊಬ್ಬರದ ಪುಟಗಳನ್ನು ಕೊಟ್ಟೆ. ಒಂದು ಸಾಲಿನ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು.

"ಇದಲ್ಲ. ಆಕಿ ತರತಿದ್ದದ್ದು ಮೊದಲನೇ ಹಾಳಿ. ಅದನ್ನ ಕೊಡು."

"ಬೇಡ ಅವ್ವಾ" ಎಂದೆ.

"ಕೊಡವಾ."

ಕೊಟ್ಟೆ. ತೆಳ್ಳನೆಯ ಅಕ್ಷರದ್ದು ಮೇಲಿತ್ತು. ಬೆರಳು ಒಂದೊಂದೇ ಹೆಸರಿನ ಕೆಳಗೆ ಸರಿಯಿತು, ತುಟಿ ಅಲುಗಿತು. ಮಗಳ ಹೆಸರಿನ ಒತ್ತಕ್ಷರದ ಹತ್ತಿರ ಬೆರಳು ನಿಂತಿತು. ಹಾಳೆಯನ್ನು ದೂರ ಹಿಡಿದು, ಹತ್ತಿರ ತಂದು, ಕೂಡಿಸಿ ಓದಲು ನೋಡಿದರು. ಆಗಲಿಲ್ಲ. "ಇದು ತಿಳೀವಲ್ದು" ಎಂದು ಅದನ್ನು ದಾಟಿ ಮುಂದಿನ ಹೆಸರಿಗೆ ಹೋದರು. ಬಾಯಿಗೆ ಬಂದಿದ್ದ ನನ್ನ ಜೀವ ಒಳಗೆ ಹೋಯಿತು.

ಆಮೇಲೆ ಎರಡನೆಯ ಹಾಳೆ ಎತ್ತಿಕೊಂಡರು. ಇದರಲ್ಲಿ ಎಲ್ಲೂ ತಡವರಿಸಲಿಲ್ಲ. ಉಳಿದ ಹೆಸರುಗಳ ಹಾಗೆಯೇ ಮಗಳ ಹೆಸರನ್ನೂ, ಅದರ ಪಕ್ಕದ ತಮ್ಮೂರಿನ ಹೆಸರನ್ನೂ ಶಾಲೆಯ ಮಕ್ಕಳಂತೆ ಗಟ್ಟಿಯಾಗಿ ಓದಿಬಿಟ್ಟರು. ಓದಿದ ಮೇಲೆ ಬೆರಳು ಅಲ್ಲಿಂದ ಏಳಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆ ಗಾಳಿಗೆ ಹಾರಿ ಅಂಗಳಕ್ಕೆ ಬಿತ್ತು. ನಾನು ಅತ್ತೆ. ಅವರು ಅಳಲಿಲ್ಲ.

"ಇದನ್ನ ಹಾಕ್ರಿ. ಚಲೋ ತಿಳೀತೈತಿ" ಎಂದರು ಕಡೆಗೆ. ನಾನು ಹೊರಡಲು ಎದ್ದಾಗ ತೆಳ್ಳನೆಯ ಅಕ್ಷರದ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು.

"ನಮ್ಮ ಮನಿಗೆ ಕಳಸೋದ್ರಾಗ ಮಾತ್ರ ಇದನ್ನ ಹಾಕವಾ."

ವರದಿ ಅಗಲ ಅಕ್ಷರದಲ್ಲೇ ಅಚ್ಚಾಯಿತು. ಅಧ್ಯಕ್ಷರು ರೇಗಿದರು, ರೇಗಲಿ. ಒಂದು ಪ್ರತಿಯ ಮೊದಲ ಹಾಳೆ ಮಾತ್ರ ಬಿಚ್ಚಿ ತೆಗೆದು, ಅವ್ವ ಮಡಚಿ ಕೊಟ್ಟಿದ್ದನ್ನು ಅಲ್ಲಿಟ್ಟು ಪಿನ್ನು ಹೊಡೆದೆ. ಹೊಡೆಯುವಾಗ ಕುರ್ಚಿಯ ಹಿಂದೆ ಅಕ್ಕ ಬಂದು ನಿಂತರು.

"ಅವ್ವನೇ ಹೇಳಿದ್ದು ಅಕ್ಕಾ" ಎಂದೆ, ತಿರುಗಿ ನೋಡದೆ.